ದ್ವೀಪಕ್ಕೆ ಬಂದ ಹೊಸ ಕನ್ನಡಿ

ಫಿಜಿ ಎಂದೊಡನೆ ನಮಗೆ ನೆನಪಾಗುವುದು ಕಬ್ಬಿನ ತೋಟ. 1879ರಿಂದ 1916ರವರೆಗೆ ಸುಮಾರು 60 ಸಾವಿರ ಭಾರತೀಯರು ಕರಾರಿನ ಕೂಲಿಗಳಾಗಿ ಆ ದ್ವೀಪಗಳಿಗೆ ಹೋದ ಕಥೆ ಅನೇಕರಿಗೆ ತಿಳಿದದ್ದೇ. ನಾನೀಗ ಹೇಳಹೊರಟಿರುವುದು ಅವರ ನೆರೆಯವರಾದ ಮೂಲ ಫಿಜಿಯನ್ನರ ಮನೆಯ ಮಾತು. ಅದರಲ್ಲಿಯೂ ಆ ಮನೆಗಳ ಹದಿಹರೆಯದ ಹೆಣ್ಣುಮಕ್ಕಳ ಮಾತು.

ಅಲ್ಲಿನ ಹಳ್ಳಿಗಳಲ್ಲಿ ಊಟದ ಹೊತ್ತಿಗೆ ದಾರಿಯಲ್ಲಿ ಹೋಗುವವರನ್ನು ‘ಮೈ ಕಾನ’ ಎಂದು ಒಳಗೆ ಕರೆಯುವುದು ವಾಡಿಕೆ. ‘ಬನ್ನಿ, ಉಣ್ಣಿ’ ಎಂದು ಅದರ ಅರ್ಥ. ಮೈತುಂಬಿಕೊಂಡ ಹೆಣ್ಣೆಂದರೆ ಅವಳನ್ನು ಅಕ್ಕರೆಯಿಂದ ಸಾಕಿದ ಮನೆಯೊಂದಿದೆ ಎಂಬುದರ ಗುರುತು. ಮೈ ಇಳಿದರೆ ಅದು ಅವಳೊಬ್ಬಳ ಸಮಾಚಾರವಲ್ಲ, ಸಾಕುವವರ ಲೋಪ. ಹಸಿವು ಕುಂದಿದರೆ ‘ಮದಾಕೆ’ ಎಂಬ ವ್ಯಾಧಿ ತಗುಲಿತೆಂದು ಬಗೆದು ಗಿಡಮೂಲಿಕೆಯ ರಸ ಕುಡಿಸುತ್ತಿದ್ದರು. ಇದು ನಮಗೆ ತೀರ ಅಪರಿಚಿತವೇನಲ್ಲ. ತವರಿಗೆ ಬಂದ ಮಗಳನ್ನು ಹೊಸ್ತಿಲಲ್ಲಿಯೇ ನಿಲ್ಲಿಸಿ ‘ಏನೇ, ಇಷ್ಟು ಸೊರಗಿದ್ದೀಯಲ್ಲ!’ ಎಂದು ಕೇಳುವ ತಾಯಿ ನಮ್ಮಲ್ಲಿಯೂ ಉಂಟಷ್ಟೆ.

ಇತ್ತ ಯುರೋಪಿನಲ್ಲಿ, ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲದಿದ್ದರೂ ಉಣ್ಣಲೊಲ್ಲದೆ ಕೃಶರಾಗುವ ತರುಣಿಯರ ವಿಷಯವನ್ನು 1873ರಲ್ಲಿ ಪ್ಯಾರಿಸಿನ ಲಾಸೆಗ್ ಮತ್ತು ಲಂಡನ್ನಿನ ಸರ್ ವಿಲಿಯಂ ಗಲ್ ಎಂಬ ವೈದ್ಯರಿಬ್ಬರು ಬೇರೆಬೇರೆಯಾಗಿ ಪ್ರಕಟಪಡಿಸಿದರು. ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಹೆಸರು ಗಲ್ ಕೊಟ್ಟದ್ದು. ಅಷ್ಟು ಸೊರಗಿದ ಹುಡುಗಿಯರು ಸುಮ್ಮನೆ ಕೂಡದೆ ಓಡಾಡುತ್ತಲೇ ಇರುವುದು ಅವನಿಗೆ ಸೋಜಿಗವೆನಿಸಿತ್ತು. ಇಲ್ಲೊಂದು ಸ್ವಾರಸ್ಯವುಂಟು: ದಪ್ಪಗಾದೇನೆಂಬ ಭಯ ಇದಕ್ಕೆ ಕಾರಣವೆಂದು ಆ ಇಬ್ಬರೂ ಹೇಳಲಿಲ್ಲ. ರೋಗಕ್ಕೆ ಹೆಸರು ಮೊದಲು ಬಂದಿತು. ಇಂದು ನಾವು ಅದರೊಡನೆ ಸೇರಿಸಿ ನೋಡುವ ಆ ಭಯ ವೈದ್ಯರ ಬರಹದಲ್ಲಿ ಕಾಣಿಸಿಕೊಂಡದ್ದು ತರುವಾಯ. ಗಲ್ ಹೆಸರಿಟ್ಟ ಮರುವರ್ಷವೇ, 1874ರಲ್ಲಿ, ಫಿಜಿಯ ನಾಯಕರು ತಮ್ಮ ದ್ವೀಪಗಳನ್ನು ಬ್ರಿಟಿಷ್ ಸಿಂಹಾಸನಕ್ಕೆ ಒಪ್ಪಿಸಿದರು. ಆಳುವವರ ಧರ್ಮ, ಭಾಷೆ, ಶಾಲೆ ಎಲ್ಲವೂ ಅಲ್ಲಿ ಬೇರೂರಿದವು. ಆದರೆ ಮೈಯ ವಿಷಯದಲ್ಲಿ ಮಾತ್ರ ದ್ವೀಪದ ಜನ ತಮ್ಮ ಹಿರಿಯರ ಕಣ್ಣಿನಿಂದಲೇ ನೋಡುತ್ತಿದ್ದರು. 1970ರಲ್ಲಿ ಸ್ವಾತಂತ್ರ್ಯ ಬಂದಾಗಲೂ ಆ ನೋಟ ಹಾಗೆಯೇ ಇತ್ತು.

1995ರಲ್ಲಿ ನಂದ್ರೋಂಗಾ ಪ್ರಾಂತಕ್ಕೆ ಟೆಲಿವಿಷನ್ ಬಂದಿತು. ಫಿಜಿಯ ಹಳ್ಳಿಗಳನ್ನು ಮೊದಲೇ ಬಲ್ಲವರಾಗಿದ್ದ ಅಮೆರಿಕದ ಆನ್ ಬೆಕರ್ ಎಂಬ ಮನೋವೈದ್ಯೆ, ಅದು ಬಂದ ಕೆಲವೇ ವಾರಗಳಲ್ಲಿ ಅಲ್ಲಿನ ಪ್ರೌಢಶಾಲೆಗಳ 63 ಹುಡುಗಿಯರಿಗೆ ಊಟದ ಅಭ್ಯಾಸಗಳನ್ನು ಕುರಿತ ಪ್ರಶ್ನಾವಳಿಯನ್ನು ಕೊಟ್ಟರು. 1998ರಲ್ಲಿ ಅದೇ ಪ್ರಶ್ನೆಗಳನ್ನು 65 ಹುಡುಗಿಯರ ಮುಂದಿಟ್ಟರು. ಉಣ್ಣುವ ವಿಷಯದಲ್ಲಿ ಆತಂಕಪಡಬೇಕಾದಷ್ಟು ಅಂಕ ಬಂದವರು ಮೊದಲು ನೂರಕ್ಕೆ 12.7 ಇದ್ದದ್ದು ಈಗ 29.2ಕ್ಕೆ ಏರಿತ್ತು. ಮೈ ಇಳಿಸುವುದಕ್ಕಾಗಿ ಉಂಡದ್ದನ್ನು ಬೇಕೆಂದೇ ವಾಂತಿಮಾಡುವವಳು ಮೊದಲ ಸಲ ಒಬ್ಬಳೂ ಇರಲಿಲ್ಲ. ಮೂರು ವರ್ಷಗಳ ಮೇಲೆ ನೂರಕ್ಕೆ 11 ಮಂದಿ ಇದ್ದರು. ‘ಮೈ ಕಾನ’ ಎಂದು ಕರೆದು ಬಡಿಸುವ ಮನೆಗಳಲ್ಲಿ, ಬಡಿಸಿದವರ ಕಣ್ಣು ತಪ್ಪಿಸಿ ನಡೆದ ಕೆಲಸವಿದು.

ಎರಡು ಸಲವೂ ಕೇಳಿದ್ದು ಅದೇ ಹುಡುಗಿಯರನ್ನಲ್ಲ, ಸಂಖ್ಯೆಯೂ ಸಣ್ಣದು. ಆ ಮೂರು ವರ್ಷಗಳಲ್ಲಿ ಬದಲಾದದ್ದು ಟೆಲಿವಿಷನ್ ಒಂದೇ ಎನ್ನುವಂತೆಯೂ ಇಲ್ಲ. ಆದುದರಿಂದ ಎಲ್ಲ ದೋಷವನ್ನೂ ಒಂದು ಪೆಟ್ಟಿಗೆಯ ತಲೆಗೆ ಕಟ್ಟುವುದು ಅವಸರವಾದೀತು. ನನಗೆ ಅಂಕಿಗಳಿಗಿಂತ ಮುಖ್ಯವೆನಿಸುವುದು ಆ ಹುಡುಗಿಯರು ಕೊಟ್ಟ ವಿವರಣೆ. ಪರದೇಶದ ಧಾರಾವಾಹಿಗಳ ನಾಯಕಿಯರಂತೆ ತಾವೂ ಆಗಬೇಕೆಂದು ಅವರು ಹೇಳಿದರು. ಬರಿಯ ಚೆಲುವಿಗಾಗಿ ಅಲ್ಲ, ಕೆಲಸ ಸಿಕ್ಕೀತೆಂದೂ ಹೇಳಿದರು. ಇದನ್ನು ಒನಪು ವೈಯಾರವೆಂದು ಹಗುರಾಗಿ ತಳ್ಳಿಬಿಡುವ ಹಿರಿಯರನ್ನು ನಾನು ಒಪ್ಪಲಾರೆ. ಅಜ್ಜಿಯ ಕಾಲದಲ್ಲಿ ಮೈಯೆಂಬುದು ಮನೆತನದ ಸೊತ್ತಾಗಿತ್ತು. ಮೊಮ್ಮಗಳಿಗೆ ಅದೊಂದು ಅರ್ಜಿಯಂತೆ ಕಂಡಿತು. ಅಪರಿಚಿತ ಪಟ್ಟಣದ ಅಪರಿಚಿತ ಕಚೇರಿಯಲ್ಲಿ ಒಪ್ಪಿಸಬೇಕಾದ ಅರ್ಜಿ; ತಪ್ಪಿಲ್ಲದಂತೆ ತಿದ್ದಿಕೊಳ್ಳಬೇಕಲ್ಲವೆ? ತಿದ್ದುವ ಬಗೆಯನ್ನು ಹೇಳಿಕೊಡಲು ತಾಯಿಗೂ ತಿಳಿಯದು, ಊರ ಹಿರಿಯರಿಗೂ ತಿಳಿಯದು. ತೆರೆಯ ಮೇಲಿನ ಹೆಣ್ಣಾದರೋ ದಿನವೂ ಸಂಜೆ ಕಾಣಿಸಿಕೊಳ್ಳುತ್ತಿದ್ದಳು.

ಬೆಕರ್ ಅಷ್ಟಕ್ಕೆ ಬಿಡಲಿಲ್ಲ. ಮುಂದೆ 523 ಹುಡುಗಿಯರನ್ನು ವಿಚಾರಿಸಿ 2011ರಲ್ಲಿ ಇನ್ನೊಂದು ಲೇಖನವನ್ನು ಪ್ರಕಟಿಸಿದರು. ಈ ಸಲ ತಿಳಿದುಬಂದದ್ದು ಇದು: ಹುಡುಗಿಯೊಬ್ಬಳ ಊಟದ ತೊಡಕಿನೊಡನೆ ಸಂಬಂಧ ಕಂಡದ್ದು ಅವಳ ಗೆಳತಿಯರು ಏನೇನು ನೋಡುತ್ತಿದ್ದರೆಂಬುದಕ್ಕೆ, ಅವಳ ಸ್ವಂತ ನೋಟ ಅಷ್ಟು ಲೆಕ್ಕಕ್ಕೆ ಬರಲಿಲ್ಲ. ಟೆಲಿವಿಷನ್ ಇಲ್ಲದ ಮನೆಯ ಹುಡುಗಿಯೂ ಶಾಲೆಗೆ ಹೋಗುತ್ತಿದ್ದಳು, ಗೆಳತಿಯರ ನಡುವೆ ಕುಳಿತುಕೊಳ್ಳುತ್ತಿದ್ದಳು.