ಇಕೆಬಾನ: ಕಲಿಸಿದವರು, ಕಲಿತವರು

ಬೆಂಗಳೂರಿನ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರಿಗೆ ಇಕೆಬಾನ ಎಂಬ ಹೆಸರು ಹೊಸತಲ್ಲ. ಗಾಜಿನ ಮನೆಯ ಜನಜಂಗುಳಿಯಿಂದ ಹೊರಬಂದು, ಕುಬ್ಜ ಮರಗಳನ್ನೂ ತರಕಾರಿ ಕೆತ್ತನೆಯನ್ನೂ ನೋಡಿಕೊಂಡು ಮುಂದೆ ಹೋದರೆ ಅಲ್ಲೊಂದು ಅಗಲವಾದ ತಟ್ಟೆಯಂಥ ಪಾತ್ರೆ. ಅದರಲ್ಲಿ ಒಂದು ಒಣಕೊಂಬೆ, ಎರಡು ಎಲೆ, ಒಂದೇ ಒಂದು ಹೂ. ಲಕ್ಷಗಟ್ಟಲೆ ಹೂವಿನ ಮಂಟಪವನ್ನು ಕಂಡು ಬಂದ ಕಣ್ಣಿಗೆ ಇದು ಬಡತನದಂತೆ ತೋರುತ್ತದೆ. ‘ಇಷ್ಟೇನಾ?’ ಎಂದು ಮುಂದೆ ನಡೆಯುವವರೇ ಹೆಚ್ಚು. ನಾವೂ ಬಹಳ ಕಾಲ ಹಾಗೇ ನಡೆದವರು.

ಆ ಮೇಜುಗಳ ಹಿಂದೆ ನಿಂತು ವಿವರಿಸುವವರು ಸಾಮಾನ್ಯವಾಗಿ ಹೆಂಗಸರು. ಮನೆ, ಮಕ್ಕಳು, ಉದ್ಯೋಗ ಎಲ್ಲವನ್ನೂ ನೋಡಿಕೊಂಡು ವರ್ಷಗಟ್ಟಲೆ ಕಲಿತವರು. ಆದರೆ ಇಕೆಬಾನದ ಚರಿತ್ರೆಯನ್ನು ತೆರೆದು ಓದಿದರೆ ಸಿಗುವುದು ಬಹುಪಾಲು ಗಂಡಸರ ಹೆಸರು: ಅರ್ಚಕರು, ಪೀಠಾಧಿಪತಿಗಳು, ಬಂಡಾಯಗಾರರು, ಚಿತ್ರ ನಿರ್ದೇಶಕರು. ಕಲಿತವರೂ ಕಲಿಸಿದವರೂ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಹೆಂಗಸರಾಗಿದ್ದ ಒಂದು ಕಲೆಯ ಚರಿತ್ರೆ ಹೀಗೇಕಾಯಿತು? ಈ ಪ್ರಶ್ನೆಯನ್ನು ಹಿಡಿದುಕೊಂಡು ಹೋದರೆ, ಇಪ್ಪತ್ತನೆಯ ಶತಮಾನದಲ್ಲಿ ಇಕೆಬಾನ ಹೇಗೆ ಆಧುನಿಕ ಕಲೆಯಾಯಿತು ಎಂಬ ಕತೆಯೇ ಬೇರೆಯಾಗಿ ಕಾಣಿಸುತ್ತದೆ.

ಮೂಲ ನಮ್ಮ ನೆಲದ ಕಡೆಗೇ ಕೈ ತೋರಿಸುತ್ತದೆ. ಬುದ್ಧನ ಮುಂದೆ ಹೂವಿಡುವ ರೂಢಿ ಭಾರತದಿಂದ ಚೀನಾ, ಕೊರಿಯಾಗಳನ್ನು ದಾಟಿ ಬೌದ್ಧಧರ್ಮದ ಜೊತೆಯಲ್ಲೇ ಜಪಾನಿಗೆ ಹೋಯಿತು. ಕ್ಯೋಟೋ ನಗರದ ರೊಕ್ಕಾಕುದೋ ಎಂಬ ಆರು ಮೂಲೆಯ ದೇವಾಲಯದ ಅರ್ಚಕರು ಅಲ್ಲಿನ ಕೊಳದ ಬಳಿ ವಾಸಿಸುತ್ತಿದ್ದರು. ‘ಕೊಳದ ಪಕ್ಕದ ಕುಟೀರ’ ಎಂಬುದೇ ಜಪಾನಿ ಭಾಷೆಯಲ್ಲಿ ಇಕೆನೊಬೊ. 1462ರಲ್ಲಿ ಒಬ್ಬ ಭಿಕ್ಷುವಿನ ದಿನಚರಿಯಲ್ಲಿ ಇಕೆನೊಬೊ ಸೆಂಕೆಯಿ ಎಂಬವರು ಚಿನ್ನದ ಹೂದಾನಿಯಲ್ಲಿ ಹತ್ತಾರು ಕೊಂಬೆಗಳನ್ನು ನಿಲ್ಲಿಸಿದ ಪ್ರಸ್ತಾಪವಿದೆ. ನೋಡಲು ನಗರದ ರಸಿಕರು ಮುಗಿಬಿದ್ದರಂತೆ. ಅಲ್ಲಿಗೆ ಪೂಜೆಯ ಹೂ ನೋಟದ ಹೂವಾಯಿತು. ಅದೇ ಪರಂಪರೆಯ ಸೆನ್ನೊ ಹದಿನಾರನೆಯ ಶತಮಾನದಲ್ಲಿ ಬರೆಸಿದ ಉಪದೇಶದಲ್ಲಿ ಅರಳಿದ ಹೂವಿಗಿರುವ ಬೆಲೆಯನ್ನೇ ಒಣಗಿದ ಕೊಂಬೆಗೂ ಕೊಟ್ಟರು. ಲಾಲ್‌ಬಾಗಿನಲ್ಲಿ ನಮಗೆ ಬಡತನದಂತೆ ಕಂಡದ್ದರ ಬೇರು ಅಲ್ಲಿದೆ.

ಮುಂದಿನ ಮೂರು ಶತಮಾನಗಳಲ್ಲಿ ಈ ಕಲೆಗೆ ಕಟ್ಟುಪಾಡುಗಳು ಬಂದವು, ಶಾಖೆಗಳು ಹುಟ್ಟಿದವು. ಎಲ್ಲಕ್ಕಿಂತ ಮುಖ್ಯವಾಗಿ ‘ಇಎಮೊತೊ’ ಪದ್ಧತಿ ಗಟ್ಟಿಯಾಯಿತು. ಶಾಖೆಯ ಮುಖ್ಯಸ್ಥರನ್ನು ಇಎಮೊತೊ ಎನ್ನುತ್ತಾರೆ. ಕಲೆಯ ಕೊನೆಯ ಮಾತು ಅವರದು. ಅವರ ಕೆಳಗೆ ಹಿರಿಯ ಶಿಕ್ಷಕರು, ಅವರ ಕೆಳಗೆ ಕಿರಿಯರು, ತಳದಲ್ಲಿ ವಿದ್ಯಾರ್ಥಿಗಳು. ಪ್ರತಿ ಮೆಟ್ಟಿಲಿಗೂ ಒಂದು ಪ್ರಮಾಣಪತ್ರ, ಪ್ರತಿ ಪ್ರಮಾಣಪತ್ರಕ್ಕೂ ಶುಲ್ಕ. ಕಲಿಸುವ ಹಕ್ಕು ಬೇಕೆಂದರೆ ಮೇಲಿನ ಮುದ್ರೆ ಬೀಳಲೇಬೇಕು. ಶುಲ್ಕದ ಒಂದು ಪಾಲು ಮೇಲಕ್ಕೆ ಹೋಗುತ್ತದೆ.

ಇದನ್ನು ನಮ್ಮ ಘರಾನಾಗಳಿಗೆ ಹೋಲಿಸುವುದುಂಟು. ಹೋಲಿಕೆ ಸ್ವಲ್ಪ ದೂರದವರೆಗೆ ಮಾತ್ರ ನಡೆಯುತ್ತದೆ. ಉಸ್ತಾದ್ ಅಬ್ದುಲ್ ಕರೀಂ ಖಾನರು ತಮ್ಮ ಕಿರಾಣಾ ಗಾಯಕಿಯನ್ನು ಕುಂದಗೋಳದ ಹುಡುಗ ರಾಮಭಾವುಗೆ ಕೊಟ್ಟರು. ಆತ ಸವಾಯಿ ಗಂಧರ್ವರಾಗಿ ಅದನ್ನು ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ದಾಟಿಸಿದರು. ರಕ್ತಸಂಬಂಧವಿಲ್ಲದ ಶಿಷ್ಯನೇ ಘರಾನಾದ ದೊಡ್ಡ ದನಿಯಾಗಬಹುದಿತ್ತು. ಇಎಮೊತೊ ಪೀಠ ಹಾಗಲ್ಲ, ಅದು ವಂಶದಲ್ಲಿ ಇಳಿಯುತ್ತದೆ. ಇಕೆನೊಬೊ ಸೆನೆಯಿ 1945ರಲ್ಲಿ ತಂದೆ ತೀರಿಕೊಂಡಾಗ 45ನೆಯ ಪೀಠಾಧಿಪತಿಯಾದರು. ಆಗ ಅವರಿಗೆ ಹನ್ನೊಂದು ವರ್ಷ. ಅರವತ್ತು ವರ್ಷ ಕಲಿಸಿದ ಶಿಕ್ಷಕಿಯೂ ನಿಯಮದ ಪ್ರಕಾರ ಆ ಬಾಲಕನ ಶಿಷ್ಯೆಯೇ.

ಶಿಕ್ಷಕಿ ಎಂದೆವು. ಮೊದಲ ಶತಮಾನಗಳಲ್ಲಿ ಇದು ಬಹುಮಟ್ಟಿಗೆ ಅರ್ಚಕರ, ಯೋಧರ, ಶ್ರೀಮಂತ ವರ್ತಕರ ಕಲೆ. 1868ರ ಮೇಯಿಜಿ ಬದಲಾವಣೆಯ ನಂತರ ಹಳೆಯ ಪೋಷಕರು ಮೂಲೆಗುಂಪಾದರು, ಪಾಶ್ಚಾತ್ಯ ವಸ್ತುಗಳ ಮೋಹ ಹಬ್ಬಿತು, ಹೂವಿನ ಮನೆತನಗಳಿಗೆ ಬದುಕುವುದೇ ಕಷ್ಟವಾಯಿತು. ಆಗ ಕೈಹಿಡಿದದ್ದು ಹೆಣ್ಣುಮಕ್ಕಳ ಶಾಲೆಗಳು. ಒಳ್ಳೆಯ ಹೆಂಡತಿ, ಬುದ್ಧಿವಂತ ತಾಯಿ ಎಂಬುದು ಆ ಕಾಲದ ಸರ್ಕಾರಿ ಆದರ್ಶ. ಹೊಲಿಗೆ, ಚಹಾ, ಹೂ ಈ ಆದರ್ಶದ ಪಠ್ಯವಾದವು. ಹೂ ಜೋಡಿಸಲು ಬಂದರೆ ಮದುವೆಯ ಮಾತುಕತೆಯಲ್ಲಿ ಅದೊಂದು ಅರ್ಹತೆ. ಕಲೆ ಹೆಣ್ಣುಮಕ್ಕಳಿಗೆ ತೆರೆದದ್ದು ಹೀಗೆ, ಸಂಸಾರದ ತರಬೇತಿಯ ಹೆಸರಿನಲ್ಲಿ. ಇದನ್ನು ಬರೀ ಕಟ್ಟು ಎಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಗೌರವ ಕಳೆದುಕೊಳ್ಳದೆ ನಾಲ್ಕು ಕಾಸು ಗಳಿಸಬಹುದಾದ ದಾರಿಗಳು ಅಂದಿನ ಮಧ್ಯಮವರ್ಗದ ಹೆಣ್ಣಿಗೆ ಎಷ್ಟಿದ್ದವು? ಕಲಿಸುವ ಪ್ರಮಾಣಪತ್ರ ಕೈಯಲ್ಲಿದ್ದರೆ ಮನೆಯ ಒಂದು ಕೋಣೆಯೇ ಪಾಠಶಾಲೆಯಾಗುತ್ತಿತ್ತು.

ಇದೇ ಕಾಲದಲ್ಲಿ ಒಹಾರಾ ಉನ್‌ಶಿನ್ ಎಂಬವರು ಅಗಲವಾದ, ಆಳವಿಲ್ಲದ ಪಾತ್ರೆಯಲ್ಲಿ ಹೂವನ್ನು ಹರಡುವ ‘ಮೊರಿಬಾನ’ ವಿಧಾನವನ್ನು ತಂದರು. ಪಾಶ್ಚಾತ್ಯ ಹೂಗಳಿಗೂ ಜಾಗ ಸಿಕ್ಕಿತು. ಕೊಂಬೆ ನಿಲ್ಲಿಸಲು ಮುಳ್ಳುಗಳಿರುವ ಭಾರದ ಲೋಹದ ತಳ, ಅಂದರೆ ಕೆನ್‌ಜಾನ್, ಬಳಕೆಗೆ ಬಂತು. ಲಾಲ್‌ಬಾಗಿನಲ್ಲಿ ನಾವು ಕಾಣುವ ತಟ್ಟೆಯಂಥ ಪಾತ್ರೆ ಈ ಬದಲಾವಣೆಯ ಕೂಸು.

ನಿಜವಾದ ಜಗಳ ಶುರುವಾದದ್ದು ಒಂದು ಮನೆಯೊಳಗೆ. ತೆಶಿಗಾಹಾರಾ ಸೋಫು 1900ರಲ್ಲಿ ಹುಟ್ಟಿದವರು. ತಂದೆ ಹೂವಿನ ಮೇಷ್ಟರು. ಮಗ ಚಿಕ್ಕಂದಿನಲ್ಲೇ ಪಳಗಿದ. ಆದರೆ ಗೆರೆ ಎಳೆದಂತೆ ಕೊಂಬೆ ನಿಲ್ಲಿಸುವುದರಲ್ಲಿ ಜೋಡಿಸುವವನ ಮನಸ್ಸೆಲ್ಲಿದೆ ಎಂಬುದು ಮಗನ ತಕರಾರು. ತಂದೆಯಿಂದ ಬೇರೆಯಾಗಿ 1927ರಲ್ಲಿ ಸೋಫು ಸೋಗೆತ್ಸು ಶಾಲೆಯನ್ನು ಕಟ್ಟಿದರು. ಇಕೆಬಾನ ಯಾರು ಬೇಕಾದರೂ, ಎಲ್ಲಿ ಬೇಕಾದರೂ, ಯಾವ ವಸ್ತುವಿನಿಂದ ಬೇಕಾದರೂ ಮಾಡಬಹುದಾದ ಕಲೆ ಎಂಬುದು ಅವರ ನಿಲುವು. 1930ರ ದಶಕದ ಆರಂಭದಲ್ಲಿ ಉದ್ಯಾನ ವಿನ್ಯಾಸಕಾರ ಶಿಗೆಮೊರಿ ಮಿರೆಯಿ ಹೊಸ ಇಕೆಬಾನದ ಘೋಷಣೆಯೊಂದನ್ನು ರೂಪಿಸಿದಾಗ ಸೋಫು ಆ ಗುಂಪಿನಲ್ಲಿದ್ದರು. ಹಳೆಯದರ ಹಂಬಲ ಬೇಡ, ಹೂವಿಗೆ ನೀತಿಪಾಠದ ಹೊರೆ ಬೇಡ, ಹೂ ಶಿಲ್ಪಿಯ ಕೈಯ ಕಲ್ಲಿನಂತೆ ಒಂದು ವಸ್ತು ಎಂಬುದು ಅದರ ಸಾರ.

ಇಷ್ಟು ದೊಡ್ಡ ಸ್ವಾತಂತ್ರ್ಯವನ್ನು ಕಲಿಸುವುದು ಹೇಗೆ? ಇಲ್ಲಿ ಸೋಫು ಮಾಡಿದ್ದು ನಮಗೆ ಇಡೀ ಕತೆಯ ರುಚಿಕರ ಭಾಗ. ಅವರು ಪಠ್ಯಪುಸ್ತಕ ಬರೆದರು! ಮೂರು ಮುಖ್ಯ ಕೊಂಬೆಗಳು: ಶಿನ್, ಸೋಎ, ಹಿಕಾಎ. ಪಾತ್ರೆಯ ಅಗಲವನ್ನೂ ಆಳವನ್ನೂ ಕೂಡಿಸಿ ಒಂದೂವರೆ ಪಟ್ಟು ಮಾಡಿದರೆ ಶಿನ್‌ನ ಉದ್ದ. ಅಗಲ 30 ಸೆಂ.ಮೀ., ಆಳ 6 ಸೆಂ.ಮೀ. ಇದ್ದರೆ ಶಿನ್ 54 ಸೆಂ.ಮೀ. ಸೋಎ ಅದರ ಮುಕ್ಕಾಲು, ಸುಮಾರು 40. ಹಿಕಾಎ ಸೋಎಯ ಮುಕ್ಕಾಲು, ಅಂದರೆ 30. ನೆಟ್ಟಗಿನ ಮೂಲ ಶೈಲಿಯಲ್ಲಿ ಶಿನ್ ಲಂಬರೇಖೆಯಿಂದ 15 ಡಿಗ್ರಿ ವಾಲಬೇಕು, ಸೋಎ 45, ಹಿಕಾಎ 75. ನಿಯಮ ಮುರಿಯಲು ಹೊರಟವರು ಕೋನಮಾಪಕ ಹಿಡಿದು ನಿಂತರಲ್ಲ ಎಂದು ನಗುವವರು ನಗಬಹುದು. ಆದರೆ ಇದರಲ್ಲಿ ಗುಟ್ಟಿಲ್ಲ ಎಂಬುದನ್ನು ಗಮನಿಸಬೇಕು. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಮಾತ್ರ ದಾಟುತ್ತಿದ್ದುದನ್ನು ಅಳತೆಪಟ್ಟಿ ಇರುವ ಯಾರೂ ಓದಿ ಮಾಡಬಹುದಾದ ಪಾಠವನ್ನಾಗಿ ಮಾಡಿದ್ದು ಸಣ್ಣ ಸಂಗತಿಯಲ್ಲ. ಅವರ ಪಾಠಗಳು ರೇಡಿಯೋದಲ್ಲೂ ಬಂದವು. ಹೂವನ್ನು ಕಾಣದೆ ಕೇಳಿ ಕಲಿಯುವುದು ಸಾಧ್ಯವಾದದ್ದು ಇಂಥ ಲೆಕ್ಕಾಚಾರದಿಂದಲೇ ಇರಬೇಕು.

1945ರಲ್ಲಿ ಟೋಕಿಯೋ ಸುಟ್ಟು ಬೂದಿಯಾಗಿತ್ತು. ಸೋಲಿನ ಬೆನ್ನಿಗೆ ಅಮೆರಿಕನ್ ಸೈನ್ಯ ಬಂತು, ಅಧಿಕಾರಿಗಳ ಹೆಂಡತಿಯರು ಬಂದರು. ಅವರಿಗೆ ಹೂವಿನ ಪಾಠ ಬೇಕಾಯಿತು, ಸೋಫು ಕಲಿಸಿದರು. ಅಮೆರಿಕನ್ ಸೇನಾಧಿಕಾರಿಯೊಬ್ಬರ ಪತ್ನಿ ಎಲೆನ್ ಗಾರ್ಡನ್ ಅಲೆನ್ 1956ರಲ್ಲಿ ಟೋಕಿಯೋದಲ್ಲಿ ‘ಇಕೆಬಾನ ಇಂಟರ್‌ನ್ಯಾಷನಲ್’ ಸಂಸ್ಥೆಯನ್ನು ಸ್ಥಾಪಿಸಿದರು. ಇಕೆಬಾನ ಭಾರತವೂ ಸೇರಿದಂತೆ ನಾನಾ ದೇಶಗಳ ಪಟ್ಟಣಗಳಿಗೆ ಹಬ್ಬಿದ್ದರಲ್ಲಿ ಆ ಸಂಸ್ಥೆಯ ಪಾಲು ದೊಡ್ಡದು. ಗೆದ್ದ ದೇಶದ ಹೆಂಗಸರು ಸೋತ ದೇಶದ ಗುರುವಿನ ಮುಂದೆ ಕತ್ತರಿ ಹಿಡಿದು ಕುಳಿತ ಆ ಚಿತ್ರದಲ್ಲಿ ಸ್ನೇಹ ಎಷ್ಟು, ಹೊಟ್ಟೆಪಾಡು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಎರಡೂ ಇದ್ದವು.

ಯುದ್ಧಾನಂತರ ಸೋಗೆತ್ಸು ಬೆಳೆದ ಬಗೆ ಬೆರಗಿನದು. ಸೋಫು ಅವರ ಕೈಗೆ ಈಗ ಕಬ್ಬಿಣ, ಕಲ್ಲು, ಮನುಷ್ಯನಿಗಿಂತ ದೊಡ್ಡ ಬೇರುಗಳು ಬಂದವು. ಹೂವೇ ಇಲ್ಲದ ಇಕೆಬಾನ ಪ್ರದರ್ಶನಕ್ಕೆ ಬಂತು. 1958ರಲ್ಲಿ ಮಗ ಹಿರೋಶಿ ಅವರ ನೇತೃತ್ವದಲ್ಲಿ ಸೋಗೆತ್ಸು ಆರ್ಟ್ ಸೆಂಟರ್ ಆರಂಭವಾಯಿತು. ಮುಂದಿನ ಹನ್ನೆರಡು-ಹದಿಮೂರು ವರ್ಷ ಜಪಾನಿನ ಪ್ರಯೋಗಶೀಲ ಸಂಗೀತ, ಸಿನಿಮಾ, ನೃತ್ಯಗಳ ಮುಖ್ಯ ವೇದಿಕೆಗಳಲ್ಲಿ ಅದೂ ಒಂದು. 1962ರಲ್ಲಿ ಅಮೆರಿಕದ ಸಂಯೋಜಕ ಜಾನ್ ಕೇಜ್ ಅಲ್ಲಿ ಕಾರ್ಯಕ್ರಮ ಕೊಟ್ಟರು. ಅದೇ ವರ್ಷ ಯೊಕೊ ಓನೊ ಕೂಡ. ಹಿರೋಶಿ ನಿರ್ದೇಶಿಸಿದ ‘ಮರಳ ದಿಬ್ಬದ ಹೆಣ್ಣು’ ಚಿತ್ರಕ್ಕೆ 1964ರ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂತು.

ಕಲಾಚರಿತ್ರೆಗಳು ಈ ಪುಟವನ್ನು ಸಂಭ್ರಮದಿಂದ ಬರೆಯುತ್ತವೆ. ಖರ್ಚು ಯಾರದು ಎಂದು ಕೇಳುವವರು ಕಡಿಮೆ. ಆ ಸಭಾಂಗಣದ ಹಿಂದಿದ್ದದ್ದು ಹೂವಿನ ಶಾಲೆಯ ಆದಾಯ. ಆ ಶಾಲೆಯ ಆದಾಯ ಎಂದರೆ ಊರೂರಿನ ಕೋಣೆಗಳಲ್ಲಿ ಕಲಿತ, ಕಲಿಸಿದ ಹೆಂಗಸರ ಶುಲ್ಕ. ಮನೆಖರ್ಚಿನಲ್ಲಿ ಉಳಿಸಿ ಪ್ರಮಾಣಪತ್ರಕ್ಕೆ ಕಟ್ಟಿದವಳಿಗೆ ಜಾನ್ ಕೇಜ್ ಯಾರೆಂದು ತಿಳಿದಿರಲಿಕ್ಕಿಲ್ಲ. ಆದರೂ ಆ ಸಂಜೆಯ ಆತಿಥೇಯರಲ್ಲಿ ಅವಳೂ ಒಬ್ಬಳು. ಜಪಾನಿನ ನವ್ಯಕಲೆಯ ಪೋಷಕರ ಪಟ್ಟಿಯನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆದರೆ ಅವಳ ಹೆಸರು ಉದ್ಯಮಿಗಳ ಹೆಸರಿಗಿಂತ ಕೆಳಗಿರಬಾರದು.

ಪೀಠದ ಮಾತಿಗೆ ಬಂದರೆ ಬಂಡಾಯಗಾರನ ಮನೆಯೂ ಬೇರೆಯಾಗಲಿಲ್ಲ. 1979ರಲ್ಲಿ ಸೋಫು ತೀರಿಕೊಂಡಾಗ ಮಗಳು ಕಾಸುಮಿ ಇಎಮೊತೊ ಆದರು. ಮರುವರ್ಷವೇ ಅವರೂ ತೀರಿಕೊಂಡರು. ಸಿನಿಮಾದಲ್ಲಿದ್ದ ಹಿರೋಶಿ ಪೀಠಕ್ಕೆ ಬಂದು, ಸೀಳಿದ ಬಿದಿರನ್ನು ಕಮಾನು ಕಮಾನಾಗಿ ಬಾಗಿಸಿ ಜನ ಒಳಗೆ ನಡೆದಾಡುವಷ್ಟು ದೊಡ್ಡ ರಚನೆಗಳನ್ನು ಮಾಡಿದರು. 2001ರಲ್ಲಿ ಅವರ ನಂತರ ಮಗಳು ಅಕಾನೆ ನಾಲ್ಕನೆಯ ಇಎಮೊತೊ ಆದರು. ಯಾರು ಬೇಕಾದರೂ ಮಾಡಬಹುದಾದ ಕಲೆಗೆ ಮುಖ್ಯಸ್ಥರು ಮಾತ್ರ ಒಂದೇ ಮನೆಯವರು. ಇತ್ತ ಇಕೆನೊಬೊ ಮನೆತನದಲ್ಲೂ ಸೆನೆಯಿ ಅವರ ಮಗಳೇ ಮುಂದಿನ ಪೀಠಾಧಿಪತಿ ಎಂದು ಘೋಷಿತರಾದರು. ಆ ಪೀಠಕ್ಕೆ ಗೊತ್ತಾದ ಮೊದಲ ಹೆಣ್ಣು. ಒಂದು ಬಾಗಿಲು ತೆರೆಯಿತು, ನಿಜ. ಅದು ಮನೆಯೊಳಗಿನ ಬಾಗಿಲು.

ಈ ಇಡೀ ವ್ಯವಸ್ಥೆಗೆ ಬೆನ್ನು ಹಾಕಿ ನಡೆದವರು ನಕಾಗಾವಾ ಯುಕಿಓ. 1918ರಲ್ಲಿ ಮರುಗಾಮೆ ಎಂಬ ಊರಿನಲ್ಲಿ ಹುಟ್ಟಿದ ಇವರಿಗೆ ಬಾಲ್ಯದಲ್ಲೇ ಬೆನ್ನುಮೂಳೆಯ ಕಾಯಿಲೆ. ಇಕೆನೊಬೊ ಪದ್ಧತಿಯಲ್ಲಿ ಕಲಿತು 1951ರಲ್ಲಿ ಅದನ್ನು ತೊರೆದರು. ಮತ್ತೆ ಯಾವ ಶಾಲೆಗೂ ಸೇರಲಿಲ್ಲ, ತಮ್ಮದೊಂದನ್ನು ಕಟ್ಟಲಿಲ್ಲ. 1956ರಲ್ಲಿ ಟೋಕಿಯೋಗೆ ಬಂದು ಬಡತನದಲ್ಲೇ ಬದುಕಿದರು. 1973ರಲ್ಲಿ ಒಂಬೈನೂರು ಕಾರ್ನೇಷನ್ ಹೂಗಳ ಎಸಳುಗಳನ್ನು ಗಾಜಿನ ಪಾತ್ರೆಯೊಂದಕ್ಕೆ ಅಮುಕಿ ತುಂಬಿ, ಬಿಳಿಯ ಕಾಗದದ ಮೇಲೆ ಬೋರಲು ಹಾಕಿದರು. ಕೊಳೆಯುತ್ತಿದ್ದ ಹೂವಿನ ಕೆಂಪು ರಸ ರಕ್ತದಂತೆ ಕಾಗದಕ್ಕೆ ಹರಿಯಿತು. ‘ಹಾನಾಬೋಜು’ ಎಂಬ ಈ ಕೃತಿಯನ್ನು ಚಿತ್ರದಲ್ಲಿ ಕಂಡಾಗ ಮೊದಲು ಆಗುವುದು ಗಾಬರಿ. ಹೂವಿನ ಸಾವನ್ನು ಅಷ್ಟು ಹತ್ತಿರದಿಂದ ತೋರಿಸಿದವರು ವಿರಳ. 2002ರ ಮೇ ತಿಂಗಳಿನಲ್ಲಿ ತೊಕಾಮಾಚಿಯ ಶಿನಾನೋ ನದಿಯ ದಂಡೆಯಲ್ಲಿ ಹೆಲಿಕಾಪ್ಟರಿನಿಂದ ಲಕ್ಷಾಂತರ ಟ್ಯುಲಿಪ್ ಎಸಳುಗಳನ್ನು ಸುರಿಸಿದರು. ಕೆಳಗೆ ತೊಂಬತ್ತೈದು ವರ್ಷದ ನರ್ತಕ ಓನೊ ಕಜುಓ ಆ ಹೂಮಳೆಯಲ್ಲಿ ನರ್ತಿಸಿದರು. ನಕಾಗಾವಾ 2012ರಲ್ಲಿ ತೀರಿಕೊಂಡರು. ಅವರ ಹಿಂದೆ ಉಳಿದದ್ದು ಹೆಚ್ಚಾಗಿ ಅವರೇ ತೆಗೆದ ಛಾಯಾಚಿತ್ರಗಳು.

ನಕಾಗಾವಾ ದೊಡ್ಡವರು, ಅನುಮಾನವಿಲ್ಲ. ಆದರೆ ಅವರನ್ನು ಎತ್ತಿ ಹಿಡಿಯುವ ಭರದಲ್ಲಿ ಕಲಿಸುವುದೆಂದರೆ ಕಲೆಯನ್ನು ಮಾರಿಕೊಳ್ಳುವುದು ಎಂಬ ಮಾತು ಬಂದಾಗ ನಾವು ಹಿಂದೆ ಸರಿಯುತ್ತೇವೆ. ಅವರಿಗೂ ಬೇಡವೆನ್ನಲು ಒಂದು ಪರಂಪರೆ ಬೇಕಿತ್ತು. ಆ ಪರಂಪರೆಯನ್ನು ಐದು ನೂರು ವರ್ಷ ಉಳಿಸಿದ್ದು ಮತ್ತೆ ಮತ್ತೆ ಮಾಡಿದ ಅದೇ ಪಾಠ. ನಮ್ಮ ತಕರಾರು ಪಾಠದ ಮೇಲಲ್ಲ. ಪಾಠ ಮಾಡಿದವರ ಹೆಸರು ಬಿಟ್ಟುಹೋದ ಚರಿತ್ರೆಯ ಮೇಲೆ, ದುಡಿದವರಿಗೆ ಸಿಗದ ಪೀಠದ ಮೇಲೆ.

ಜಪಾನಿನಲ್ಲಿ ಇಂದು ಹೂ ಕಲಿಯುವವರ ಸಂಖ್ಯೆ ಕುಗ್ಗುತ್ತಿದೆ. ಮದುವೆಗೆ ಅದೊಂದು ಅರ್ಹತೆಯಾಗಿ ಉಳಿದಿಲ್ಲ. ಹುಡುಗಿಯರಿಗೆ ಬೇರೆ ಕೆಲಸಗಳಿವೆ, ಬೇರೆ ಸಂಪಾದನೆಯಿದೆ. ಈಗ ಬರುವವರು ಕಲೆಯೆಂದೇ ಬರುತ್ತಾರೆ, ಗಂಡಸರೂ ಬರುತ್ತಾರೆ. ಪಾಠದ ಕ್ರಮ ಮಾತ್ರ ಹೆಚ್ಚು ಬದಲಾಗಿಲ್ಲ. ವಿದ್ಯಾರ್ಥಿ ತನ್ನ ಪಾಡಿಗೆ ಕೊಂಬೆ ಕತ್ತರಿಸಿ ನಿಲ್ಲಿಸುತ್ತಾಳೆ. ಶಿಕ್ಷಕಿ ಬಂದು ಎದುರು ಕುಳಿತು ನೋಡುತ್ತಾಳೆ, ಹೆಚ್ಚು ಮಾತಿಲ್ಲ. ಒಂದು ಎಲೆ ತೆಗೆಯುತ್ತಾಳೆ, ಒಂದು ಕೊಂಬೆಯನ್ನು ತುಸು ಮುಂದಕ್ಕೆ ಬಾಗಿಸುತ್ತಾಳೆ. ಅಷ್ಟಕ್ಕೆ ಇಡೀ ಜೋಡಣೆ ಉಸಿರಾಡತೊಡಗುತ್ತದೆ. ತರಗತಿ ಮುಗಿದ ಮೇಲೆ ಅದನ್ನು ಬಿಚ್ಚಿ, ಹೂ-ಕೊಂಬೆಗಳನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಮನೆಗೆ ಒಯ್ಯುತ್ತಾರೆ. ಅಲ್ಲಿ, ತಮ್ಮದೇ ಪಾತ್ರೆಯಲ್ಲಿ, ಇನ್ನೊಮ್ಮೆ ಮೊದಲಿನಿಂದ ಜೋಡಿಸಬೇಕು.