ಪಟ್ಟಿಯಲ್ಲಿಲ್ಲದ್ದಕ್ಕೆ ಯಾರು ದಿಕ್ಕು?

ಮದುವೆಗೆ ಬಾಡಿಗೆ ಪಾತ್ರೆ ತರೋವಾಗ ಎಣಿಸಿ ತರ್ತೀವಿ, ಎಣಿಸಿ ವಾಪಸ್ ಕೊಡ್ತೀವಿ. ಒಂದು ಸೌಟು ಕಮ್ಮಿಯಾದರೂ ಗೊತ್ತಾಗುತ್ತೆ. ಆದರೆ ಆಫೀಸಿನ ಸಾವಿರ ಕಂಪ್ಯೂಟರುಗಳಲ್ಲಿ ಯಾವ್ಯಾವ ಸಾಫ್ಟ್‌ವೇರ್ ಇದೆ ಅಂತ ಎಣಿಸೋದು ಹೇಗೆ? ಕಣ್ಣಿಗೆ ಕಾಣೋ ವಸ್ತುವಲ್ಲವಲ್ಲ!

ಈ ಲೆಕ್ಕ ಮೊದಲು ಶುರುವಾಗಿದ್ದು ಸುರಕ್ಷತೆಗಿಂತ ಹೆಚ್ಚಾಗಿ ಲೈಸೆನ್ಸಿನ ಭಯಕ್ಕೆ. 1988ರಲ್ಲಿ ಸಾಫ್ಟ್‌ವೇರ್ ಕಂಪನಿಗಳು ಸೇರಿ ನಕಲಿ ಪ್ರತಿಗಳ ವಿರುದ್ಧ ಒಂದು ಒಕ್ಕೂಟ ಕಟ್ಟಿಕೊಂಡವು. ಕೊಂಡಿದ್ದೆಷ್ಟು, ಹಾಕಿಕೊಂಡಿದ್ದೆಷ್ಟು ಅಂತ ಆಫೀಸುಗಳು ಲೆಕ್ಕ ಇಡಬೇಕಾಯ್ತು. 1994ರಲ್ಲಿ ಮೈಕ್ರೋಸಾಫ್ಟ್ 'ಸಿಸ್ಟಮ್ಸ್ ಮ್ಯಾನೇಜ್‌ಮೆಂಟ್ ಸರ್ವರ್' ತಂದ ಮೇಲೆ, ಒಂದೊಂದೇ ಮೇಜಿನ ಹತ್ತಿರ ಹೋಗದೆ ನೆಟ್‌ವರ್ಕ್ ಮೂಲಕವೇ ಪಟ್ಟಿ ತರಿಸಿಕೊಳ್ಳೋದು ಸಾಧ್ಯವಾಯ್ತು.

ಆಮೇಲೆ ಬಂತು ವೈ2ಕೆ. ಬೆಂಗಳೂರಿನ ಎಷ್ಟೋ ಕಂಪನಿಗಳಿಗೆ ಅನ್ನ ಕೊಟ್ಟ ಆ ಕೆಲಸದ ಮೊದಲ ಹೆಜ್ಜೆಯೂ ಪಟ್ಟಿಯೇ. ಯಾವ ಪ್ರೋಗ್ರಾಂ ಎಲ್ಲಿದೆ ಅಂತ ಗೊತ್ತಿಲ್ಲದೆ ದಿನಾಂಕ ತಿದ್ದೋದಾದರೂ ಎಲ್ಲಿ?

ಪಟ್ಟಿ ಕೇಳೋದರಲ್ಲೂ ಎಡವಟ್ಟುಗಳಿವೆ. ವಿಂಡೋಸ್‌ನಲ್ಲಿ 'ವಿನ್32 ಪ್ರಾಡಕ್ಟ್' ಅನ್ನೋ ದಾರಿ ಹಿಡಿದರೆ, ಅದು ಸುಮ್ಮನೆ ಹೆಸರು ಹೇಳಿ ಮುಗಿಸಲ್ಲ. ವಿಂಡೋಸ್ ಇನ್‌ಸ್ಟಾಲರ್ ಹಾಕಿದ ಒಂದೊಂದು ಪ್ಯಾಕೇಜನ್ನೂ ತಪಾಸಣೆ ಮಾಡುತ್ತೆ, ಕೆಲವೊಮ್ಮೆ ರಿಪೇರಿಗೂ ಇಳಿಯುತ್ತೆ. ಬೇರೆ ರೀತಿಯಲ್ಲಿ ಹಾಕಿದ ಸಾಫ್ಟ್‌ವೇರ್ ಆ ಪಟ್ಟಿಗೆ ಬರೋದೇ ಇಲ್ಲ. ಅದಕ್ಕೇ ಅನುಭವಸ್ಥರು ರಿಜಿಸ್ಟ್ರಿಯಲ್ಲಿರೋ ಅನ್‌ಇನ್‌ಸ್ಟಾಲ್ ನಮೂದುಗಳನ್ನು ಓದ್ತಾರೆ.

ಲೆಕ್ಕ ತಪ್ಪಿದರೆ ಏನಾಗುತ್ತೆ? ಅಮೆರಿಕದ ಈಕ್ವಿಫ್ಯಾಕ್ಸ್ ಕಥೆ ನೋಡಿ. ಜನರ ಸಾಲದ ಚರಿತ್ರೆ ಇಟ್ಟುಕೊಳ್ಳೋ ಕಂಪನಿ ಅದು. 2017ರ ಮಾರ್ಚ್‌ನಲ್ಲಿ 'ಅಪಾಚೆ ಸ್ಟ್ರಟ್ಸ್'ನಲ್ಲಿ ದೊಡ್ಡ ದೋಷವಿದೆ ಅಂತ ಎಚ್ಚರಿಕೆ ಬಂತು. ಕಂಪನಿಯೊಳಗೆ 400ಕ್ಕೂ ಹೆಚ್ಚು ಜನರಿಗೆ, 48 ಗಂಟೆಯಲ್ಲಿ ಪ್ಯಾಚ್ ಹಾಕಿ ಅಂತ ಸಂದೇಶವೂ ಹೋಯ್ತು. ಸ್ಕ್ಯಾನ್ ಮಾಡಿದರು, ಏನೂ ಸಿಗಲಿಲ್ಲ. ಆದರೆ ಗ್ರಾಹಕರು ತಕರಾರು ಸಲ್ಲಿಸೋ ತಾಣದಲ್ಲಿ ಸ್ಟ್ರಟ್ಸ್ ಇದ್ದೇ ಇತ್ತು. ಸ್ಕ್ಯಾನ್ ನೋಡಿದ್ದು ಮೇಲಿನ ಫೋಲ್ಡರ್, ಅದಿದ್ದದ್ದು ಒಳಗಿನದರಲ್ಲಿ. ಮೇ ತಿಂಗಳಲ್ಲಿ ಕಳ್ಳರು ನುಗ್ಗಿದರು, ಗೊತ್ತಾಗಿದ್ದು ಜುಲೈ ಕೊನೆಗೆ. ಸುಮಾರು 14.7 ಕೋಟಿ ಜನರ ಮಾಹಿತಿ ಹೋಯ್ತು. ತಮ್ಮಲ್ಲಿ ಏನೇನಿದೆ ಅನ್ನೋ ಪೂರ್ತಿ ಪಟ್ಟಿಯೇ ಕಂಪನಿಯ ಹತ್ತಿರ ಇರಲಿಲ್ಲ ಅಂತ ಅಲ್ಲಿನ ಸಂಸತ್ ಸಮಿತಿ 2018ರಲ್ಲಿ ಹೇಳಿತು.

2021ರ ಡಿಸೆಂಬರಿನಲ್ಲಿ 'ಲಾಗ್4ಜೆ' ದೋಷ ಹೊರಬಂದಾಗ ಪಾಠ ಇನ್ನೂ ಗಟ್ಟಿಯಾಯ್ತು. ಅದು ಬೇರೆ ಸಾಫ್ಟ್‌ವೇರಿನ ಹೊಟ್ಟೆಯೊಳಗೆ ಕೂತಿರೋ ತುಣುಕು. ಇನ್‌ಸ್ಟಾಲ್ ಆದ ಹೆಸರುಗಳ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಕಾಣಲ್ಲ. ಹಾಗಾಗಿ ಪ್ರತಿ ಸಾಫ್ಟ್‌ವೇರಿಗೂ ಒಳಗೇನಿದೆ ಅನ್ನೋ ಪಟ್ಟಿ ಬೇಕು ಅನ್ನೋ ಬೇಡಿಕೆಗೆ ಬಲ ಬಂತು.

ನಿಮ್ಮ ಆಫೀಸಿನ ಐಟಿ ಹುಡುಗ ಪಟ್ಟಿಗೆ ಬೇಕು ಅಂತ ಕಂಪ್ಯೂಟರ್ ಕೇಳಿದಾಗ ಗೊಣಗಬೇಡಿ. ಬಾಗಿಲಿರೋದೇ ಗೊತ್ತಿಲ್ಲದಿದ್ದರೆ ಬೀಗ ಹಾಕೋದು ಯಾವುದಕ್ಕೆ?