ಗುಮಟಾಪುರ

ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ತಾಲ್ಲೂಕಿನ ಒಂದು ಸಣ್ಣ ಗ್ರಾಮ. ಕರ್ನಾಟಕದ ಚಾಮರಾಜನಗರ ಜಿಲ್ಲೆಯ ಗಡಿಗೆ ಸಮೀಪದಲ್ಲಿದೆ. ಊರಿನ ಮಾತು ಕನ್ನಡ, ಕಸುಬು ಬೇಸಾಯ ಮತ್ತು ದನ ಸಾಕಣೆ. ದೀಪಾವಳಿಯ ಬಲಿಪಾಡ್ಯಮಿಯ ಮರುದಿನ ಇಲ್ಲಿನ ಗಂಡಸರು, ಹುಡುಗರು ಸಗಣಿಯ ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆದಾಡುವ ಗೊರೆಹಬ್ಬದಿಂದ ಈ ಊರು ಹೆಸರಾಗಿದೆ.

ತಾಳವಾಡಿ ಸೀಮೆ ಭೂಗುಣದಲ್ಲಿ ಮೈಸೂರು ಪ್ರಸ್ಥಭೂಮಿಯದೇ ತೆಂಕಣ ಅಂಚು. ಸತ್ಯಮಂಗಲದಿಂದ ಬರುವವರು ಬಣ್ಣಾರಿ ದಾಟಿ, ದಿಂಬಂ ಘಾಟಿಯ 27 ಕಡಿದಾದ ತಿರುವುಗಳನ್ನು ಹತ್ತಿ, ಹುಲಿ ಸಂರಕ್ಷಿತ ಪ್ರದೇಶದ ಕಾಡು ಹಾಯ್ದು ಬರಬೇಕು. ಚಾಮರಾಜನಗರದಿಂದಾದರೆ ಘಾಟಿಯ ಮಾತೇ ಇಲ್ಲ. ಹೊಲಗದ್ದೆಗಳ ನಡುವೆ ಬರುವಾಗಲೇ ರಾಜ್ಯ ಬದಲಾಗಿರುತ್ತದೆ. ಜಿಲ್ಲಾ ಕೇಂದ್ರ ಈರೋಡಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. 2022ರಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲಂತೂ ಹೊತ್ತು ಮುಳುಗಿದ ಬಳಿಕ ಕೆಳಗಿಳಿಯುವುದು ಕಷ್ಟ. ಸಂತೆ, ಸಂಬಂಧ, ನೆಂಟಸ್ತಿಕೆ ಎಲ್ಲವೂ ಬಡಗಣಕ್ಕೆ ವಾಲಿರುವುದರಲ್ಲಿ ಆಶ್ಚರ್ಯವಿಲ್ಲ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೊಯಮತ್ತೂರು ಸೀಮೆಯೊಂದಿಗೆ ಈ ಪ್ರದೇಶವೂ ಇಂಗ್ಲಿಷರ ಮದರಾಸು ಪ್ರಾಂತ್ಯಕ್ಕೆ ಹೋಯಿತು. ಅದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಬಂದರೆ, ಕನ್ನಡ ಮಾತಾಡುವ ತಾಳವಾಡಿ ಮದರಾಸಿನಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರಿನಿಂದ ಬೇರೆಯಾದ ಪೆರಿಯಾರ್ ಜಿಲ್ಲೆಗೆ ಸೇರಿತು. ಆ ಜಿಲ್ಲೆಯೇ ಇಂದಿನ ಈರೋಡ್. ಸತ್ಯಮಂಗಲ ತಾಲ್ಲೂಕಿನ ಭಾಗವಾಗಿದ್ದ ತಾಳವಾಡಿ 2016ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ನಟ ರಾಜಕುಮಾರ್ ಅವರ ಊರಾದ ದೊಡ್ಡಗಾಜನೂರು ಇರುವುದು ಇದೇ ತಾಲ್ಲೂಕಿನಲ್ಲಿ. 2000ದ ಜುಲೈ 30ರಂದು ಕಾಡುಗಳ್ಳ ವೀರಪ್ಪನ್ ರಾಜಕುಮಾರ್ ಅವರನ್ನು ಅಲ್ಲಿಂದಲೇ ಅಪಹರಿಸಿದ. 108 ದಿನಗಳ ಆ ಪ್ರಕರಣದಿಂದಾಗಿಯೇ ತಾಳವಾಡಿಯ ಹೆಸರು ದೂರದ ಕನ್ನಡಿಗರ ಕಿವಿಗೂ ಬಿತ್ತು. ಈ ಸೀಮೆಯನ್ನು ಅರಿಯಲು ಅದಕ್ಕಿಂತ ಒಳ್ಳೆಯ ಬಾಗಿಲು ಗೊರೆಹಬ್ಬ.

ಹಬ್ಬದ ಮೂಲವನ್ನು ಊರಿನವರು ಒಂದು ಐತಿಹ್ಯದಲ್ಲಿ ಹೇಳುತ್ತಾರೆ. ಹಿಂದೆ ಊರ ಗೌಡರ ಮನೆಯಲ್ಲಿ ಪರಸ್ಥಳದಿಂದ ಬಂದ ಒಬ್ಬ ಶಿವಭಕ್ತ ಆಳಾಗಿ ದುಡಿಯುತ್ತಿದ್ದ. ಅವನು ತೀರಿಕೊಂಡ ಮೇಲೆ ಅವನ ಜೋಳಿಗೆಯನ್ನು ತಿಪ್ಪೆಗೆ ಎಸೆದರು. ಮುಂದೊಂದು ದಿನ ಅಲ್ಲಿ ಹಾದುಹೋದ ಗಾಡಿಯ ಚಕ್ರ ತಿಪ್ಪೆಯೊಳಗಿದ್ದ ಲಿಂಗಕ್ಕೆ ತಾಗಿ ರಕ್ತ ಚಿಮ್ಮಿತು. ದೇವರು ಕನಸಿನಲ್ಲಿ ಬಂದು, ವರ್ಷಕ್ಕೊಮ್ಮೆ ಸಗಣಿಯಲ್ಲಿ ಹಬ್ಬ ಮಾಡಿ ತಪ್ಪು ಕಳೆದುಕೊಳ್ಳಿ ಎಂದಿತು. ತಿಪ್ಪೆಯಲ್ಲಿ ದೊರೆತ ಆ ಲಿಂಗವೇ ಇಂದಿನ ಬೀರೇಶ್ವರ ಎಂಬುದು ನಂಬಿಕೆ. ಹೀಗೆ ಕಥೆಯಲ್ಲೂ ದೇವರು ಸಿಕ್ಕುವುದು ಬೆಟ್ಟದಲ್ಲೋ ಹೊಳೆಯಲ್ಲೋ ಅಲ್ಲ, ರೈತ ತನ್ನ ಮುಂದಿನ ಬೆಳೆಗೆಂದು ಕೂಡಿಟ್ಟ ಗೊಬ್ಬರದಲ್ಲಿ. ಈ ಒಂದು ಅಂಶವನ್ನು ಬಿಟ್ಟು ಹಬ್ಬವನ್ನು ವಿಚಿತ್ರ ಆಚರಣೆಗಳ ಪಟ್ಟಿಗೆ ಸೇರಿಸುವ ವರದಿಗಳು ಅದರ ತಿರುಳನ್ನೇ ಬಿಟ್ಟುಬಿಡುತ್ತವೆ.

ಹಬ್ಬದ ಸಿದ್ಧತೆ ಕೊಟ್ಟಿಗೆಗಳಲ್ಲಿ ಶುರುವಾಗುತ್ತದೆ. ದನವಿರುವ ಮನೆಗಳಿಂದ ಸಗಣಿ ಒಟ್ಟುಗೂಡಿಸಿ, ಟ್ರ್ಯಾಕ್ಟರಿನಲ್ಲಿ ತುಂಬಿ ತಂದು ಗುಡಿಯ ಬಳಿಯ ಬಯಲಿನಲ್ಲಿ ಸುರಿಯುತ್ತಾರೆ. ಇತ್ತ ಊರಾಚೆಯ ಕಾರಪ್ಪನ ಗುಡಿಯಲ್ಲಿ ಪೂಜೆ. ಹಬ್ಬದಲ್ಲಿ ಎದ್ದು ಕಾಣುವ ಪಾತ್ರ ಚಾಡಿಕೋರ, ಅಂದರೆ ಊರಲ್ಲಿ ಚಾಡಿ ಹೇಳಿ ಮನೆ ಮುರಿಯುವವನು. ಹುಲ್ಲಿನ ಗಡ್ಡ ಮೀಸೆ ಕಟ್ಟಿಸಿ ಅವನನ್ನು ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುತ್ತಾರೆ. ದಾರಿಯುದ್ದಕ್ಕೂ ಜನ ಬಾಯಿತುಂಬ ಬೈಯುತ್ತಾರೆ. ವರ್ಷವಿಡೀ ಬೇಲಿಯ ಆಚೆ ಈಚೆ ನುಂಗಿಕೊಂಡ ಮಾತಿಗೆಲ್ಲ ಆ ದಿನ ಮಾಫಿ.

ಸಗಣಿಗೆ ಪೂಜೆ ಆದದ್ದೇ ತಡ, ಅಂಗಿ ಕಳಚಿ ನಿಂತವರೆಲ್ಲ ರಾಶಿಗೆ ಇಳಿಯುತ್ತಾರೆ. ಉಂಡೆ ಕಟ್ಟುವುದಕ್ಕೂ ಹದ ಬೇಕು: ತೀರ ಹಸಿಯಾದರೆ ಕೈಯಲ್ಲೇ ಜಾರುತ್ತದೆ, ಒಣಗಿದ್ದರೆ ಗಾಳಿಯಲ್ಲೇ ಉದುರುತ್ತದೆ. ತಟ್ಟಿ, ಒತ್ತಿ, ಎರಡೂ ಅಂಗೈಯಲ್ಲಿ ಉರುಟು ಮಾಡಿ ಬೀಸಿದರೆ ಎದುರಿನವನ ಬೆನ್ನಿನ ಮೇಲೆ ದಪ್ಪನೆ ಬಿದ್ದು ಹರಡಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೇ ಯಾರು ಯಾರೆಂದು ತಿಳಿಯುವುದಿಲ್ಲ. ಕಣ್ಣು ಮತ್ತು ಹಲ್ಲು ಮಾತ್ರ ಕಾಣುತ್ತವೆ. ಗೆಲ್ಲುವವರಿಲ್ಲ, ಸೋಲುವವರಿಲ್ಲ, ಲೆಕ್ಕ ಇಡುವವರೂ ಇಲ್ಲ. ಹೆಂಗಸರು ಆಟಕ್ಕಿಳಿಯುವುದಿಲ್ಲ, ಸುತ್ತ ನಿಂತು ನೋಡುತ್ತಾರೆ. ಗಡಿಯಾಚೆಯ ಊರುಗಳಿಂದಲೂ ಜನ ನೆರೆಯುತ್ತಾರೆ. ಕೊನೆಗೆ ಕೊಂಡಿಕಾರನ ಬೆಟ್ಟವೆಂಬ ದಿಬ್ಬದಲ್ಲಿ ಚಾಡಿಕೋರನ ಪ್ರತಿಕೃತಿಯನ್ನು ಸುಡುತ್ತಾರೆ. ಆ ದಿನ ಸಗಣಿ ಮೈಗೆ ತಾಗಿದರೆ ರೋಗರುಜಿನ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ ಊರಿನಲ್ಲಿದೆ.

ಸಗಣಿಯನ್ನು ದೀಪಾವಳಿಯಲ್ಲಿ ಪೂಜಿಸುವುದು ಕನ್ನಡ ನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಹಟ್ಟಿ ಹಬ್ಬದಲ್ಲಿ ಸಗಣಿಯ ಪಾಂಡವರನ್ನು ಮಾಡಿ ಹೂವು ಮುಡಿಸಿ ಹೊಸ್ತಿಲಲ್ಲಿ, ಅಂಗಳದಲ್ಲಿ ಇಡುತ್ತಾರೆ. ಉತ್ತರ ಭಾರತದಲ್ಲಿ ಅದೇ ದಿನಗಳಲ್ಲಿ ಸಗಣಿಯ ಗೋವರ್ಧನಗಿರಿ ಏಳುತ್ತದೆ. ಗುಮಟಾಪುರದ ವಿಶೇಷವೆಂದರೆ ಪೂಜೆಯ ವಸ್ತುವೇ ಇಲ್ಲಿ ಆಟದ ವಸ್ತುವಾಗಿರುವುದು. ಪತ್ರಿಕೆಗಳು ಇದನ್ನು ಸ್ಪೇನ್ ದೇಶದ ಬುನ್ಯೋಲ್ ಪಟ್ಟಣದ ಟೊಮೆಟೊ ಎರಚಾಟಕ್ಕೆ ಹೋಲಿಸುವುದುಂಟು. ಆದರೆ ಅಲ್ಲಿ ಎರಚಿದ ಟೊಮೆಟೊ ಬೀದಿಯಿಂದ ತೊಳೆದು ಹೋಗುತ್ತದೆ. ಹೋಲಿಕೆ ಅಷ್ಟಾಗಿ ಒಗ್ಗುವುದಿಲ್ಲ. ಅದಕ್ಕಿಂತ ಹತ್ತಿರದ್ದು ಅಮೆರಿಕದ ಮಿನ್ನೆಸೋಟಾ ರಾಜ್ಯದ ಎವೆಲೆತ್. ಅದು ಮೆಸಾಬಿ ಕಬ್ಬಿಣದ ಅದಿರಿನ ಪಟ್ಟಿಯಲ್ಲಿರುವ ಒಂದು ಸಣ್ಣ ಗಣಿ ಊರು. ಚಳಿಗಾಲ ದೀರ್ಘವಾಗಿ ನೀರು ಹೆಪ್ಪುಗಟ್ಟುವ ಆ ಸೀಮೆಯಲ್ಲಿ ಗಣಿ ಕಾರ್ಮಿಕರ ಮಕ್ಕಳು ಮಂಜುಗಡ್ಡೆಯ ಹಾಕಿ ಆಡುತ್ತಲೇ ಬೆಳೆದರು. ಫ್ರಾಂಕ್ ಬ್ರಿಮ್ಸೆಕ್, ಜಾನ್ ಮರಿಯುಚ್ಚಿ ಅವರಂತಹ ಆಟಗಾರರು ಅಲ್ಲಿಂದ ಹೊರಬಂದರು. 1973ರಲ್ಲಿ ಅಮೆರಿಕದ ಹಾಕಿ ಗೌರವ ಭವನವೂ ಅಲ್ಲೇ ತೆರೆಯಿತು. ಅಲ್ಲಿ ನೆಲ ಕೊಟ್ಟದ್ದು ಮಂಜು, ಇಲ್ಲಿ ಕೊಟ್ಟಿಗೆ ಕೊಟ್ಟದ್ದು ಸಗಣಿ. ಊರಿನಲ್ಲೇ ಹೇರಳವಾಗಿ ಸಿಕ್ಕುವುದರ ಮೇಲೆ ನಿಂತ ಆಟಗಳು ಇವು.

ಸೀಮೆಯ ಬದುಕು ಈಗ ಮೊದಲಿನಂತಿಲ್ಲ. ರಾಗಿ, ಜೋಳದ ಹೊಲಗಳಲ್ಲಿ ಎಲೆಕೋಸು, ಟೊಮೆಟೊ, ಅರಿಸಿನ, ಚೆಂಡುಹೂವು ಬಂದಿವೆ. ಕಾಡಂಚಿನ ಬೆಳೆಗೆ ಆನೆ ಕಾಟ ತಪ್ಪಿದ್ದಲ್ಲ. 'ಕರುಪ್ಪನ್' ಎಂದು ಹೆಸರಾದ ಒಂಟಿ ಸಲಗವನ್ನು ಸಾಕಾನೆಗಳ ನೆರವಿನಿಂದ ಹಲವು ಬಾರಿ ಯತ್ನಿಸಿ 2023ರ ಏಪ್ರಿಲ್‌ನಲ್ಲಿ ಸೆರೆಹಿಡಿಯಬೇಕಾಯಿತು. 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಗಿದೆ; 2022ರಲ್ಲಿ ಮದರಾಸು ಹೈಕೋರ್ಟ್ ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯಿತು, ಬಳಿಕ ಆ ನಿಷೇಧವನ್ನು ಸಂರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಿತು. ಇದೇ ಜಿಲ್ಲೆಯ ಬರ್ಗೂರು ಬೆಟ್ಟದ, ಕೆಂದು ಮೈಯ ಬಿಳಿ ಮಚ್ಚೆಯ ನಾಟಿ ದನಗಳ ಸಾಕಣೆ ನಿಂತಿರುವುದೇ ಕಾಡಿನ ಮೇವಿನ ಮೇಲೆ. ಗೊರೆಹಬ್ಬಕ್ಕೆ ನಿಜವಾದ ಕುತ್ತು ಬಂದರೆ ಅದು ನಾಚಿಕೆಯಿಂದಲ್ಲ, ಬರಿದಾಗುವ ಕೊಟ್ಟಿಗೆಯಿಂದ. ಭಾಷೆಯ ವಿಷಯದಲ್ಲೂ ಆತಂಕ ಇಲ್ಲದಿಲ್ಲ. ತಾಳವಾಡಿಯಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿದ್ದರೂ, 2006ರ ತಮಿಳು ಕಲಿಕೆ ಕಾಯ್ದೆ ತಮಿಳನ್ನು ಕಡ್ಡಾಯ ಮಾಡಿದ ಮೇಲೆ ಇಲ್ಲಿನ ಮಕ್ಕಳ ಓದಿನ ದಾರಿ ಬದಲಾಗಿದೆ. ಆದರೂ ಹಬ್ಬದ ಬೈಗುಳ, ಕೂಗಾಟ, ಕಥೆ ಎಲ್ಲವೂ ಇನ್ನೂ ಕನ್ನಡದಲ್ಲೇ ನಡೆಯುತ್ತವೆ.

ಆಟ ಮುಗಿದ ಮೇಲೆ ಬಯಲಿನಲ್ಲಿ ತುಳಿದು ಹದವಾದ ಸಗಣಿ ಹಾಗೇ ಉಳಿಯುವುದಿಲ್ಲ. ಅದನ್ನು ಬಾಚಿಕೊಂಡು ಹೋಗಿ ರೈತರು ಹೊಲಕ್ಕೆ ಹಾಕುತ್ತಾರೆ. ಹಬ್ಬದ ಗೊಬ್ಬರ ಬಿದ್ದ ನೆಲದಲ್ಲಿ ಬೆಳೆ ಚೆನ್ನಾಗಿ ಬರುತ್ತದೆ ಎನ್ನುತ್ತಾರೆ.